ಲೆಕ್ಕ ಬರತೈತ್ರಿ, ಪ್ರಶ್ನಿ ತಿಳಿಯಂಗಿಲ್ಲ

ಐದನೇ ತರಗತಿಯ ಆ ಹುಡುಗಿ ಪೆನ್ಸಿಲ್ಲಿನ ತುದಿ ಕಚ್ಚುತ್ತ ಬಹಳ ಹೊತ್ತು ಪ್ರಶ್ನೆಯನ್ನೇ ನೋಡುತ್ತ ಕೂತಳು. ರಾಯಚೂರು ಜಿಲ್ಲೆಯ ಅರಕೇರಾ ಸೀಮೆಯ ಒಂದು ದೊಡ್ಡಿ. ನಮ್ಮ ಕಡೆ ಹೊಲದ ನಡುವಿನ ಸಣ್ಣ ಜನವಸತಿಗೆ ದೊಡ್ಡಿ ಅನ್ನುತ್ತಾರೆ. ದೇವದುರ್ಗದ ಸುತ್ತ ಇಂಥ ದೊಡ್ಡಿಗಳಿಗೆ ಲೆಕ್ಕವಿಲ್ಲ, ಅವುಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರು ಇದ್ದರೆ ಪುಣ್ಯ. ಪರಿಚಯದ ಮೇಷ್ಟ್ರೊಬ್ಬರು ನವೋದಯ ಪರೀಕ್ಷೆಗೆ ಕೂರುವ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಒಂದಿಷ್ಟು ಲೆಕ್ಕ ಮಾಡಿಸಿರಿ ಅಂತ ಕರೆದಿದ್ದರು, ಹೋಗಿದ್ದೆ. ಅವಳ ಮುಂದಿದ್ದ ಪ್ರಶ್ನೆ ನಾನೇ ಬರೆದದ್ದು. ಧಾಟಿ ಮಾತ್ರ ಅಂಗಡಿಯಲ್ಲಿ ಸಿಗುವ ಗೈಡುಗಳದ್ದು:

“ಓರ್ವ ಕಾರ್ಮಿಕಳು ಪ್ರತಿ ಕಿಲೋಗ್ರಾಂಗೆ ₹10ರ ದರದಲ್ಲಿ 23 ಕಿಲೋಗ್ರಾಂ ಹತ್ತಿಯನ್ನು ಬಿಡಿಸಿದಲ್ಲಿ, ಈಗಾಗಲೇ ಪಡೆದ ₹100 ಮುಂಗಡವನ್ನು ಕಡಿತಗೊಳಿಸಿದ ನಂತರ ಆಕೆಗೆ ಸಂದಾಯವಾಗಬೇಕಾದ ನಿವ್ವಳ ಮೊತ್ತವೆಷ್ಟು?”

ಕೊನೆಗೆ ಧೈರ್ಯ ಮಾಡಿ 133 ಅಂತ ಬರೆದಳು. ಹೇಗವ್ವಾ ಅಂದೆ. “ಹತ್ತು, ಇಪ್ಪತ್ಮೂರು, ನೂರು ಕೂಡಿಸಿದ್ನಿರಿ ಸರ. ಮೊತ್ತ ಅಂತ ಬರದೈತಲ್ರಿ.”

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಮೊತ್ತ ಅಂದರೆ ಕೂಡಿಸಿ ಬಂದದ್ದು ಅಂತ ಒಂದನೇ ತರಗತಿಯಿಂದ ನಾವೇ ಕಲಿಸುತ್ತ ಬಂದಿದ್ದೇವೆ. ಹಾಳೆ ಮಗುಚಿಟ್ಟು ಬಾಯಲ್ಲಿ ಕೇಳಿದೆ: “ನಿಮ್ಮವ್ವ ಇಪ್ಪತ್ಮೂರು ಕಿಲೋ ಹತ್ತಿ ಬಿಡಿಸಿದ್ಲು, ಕಿಲೋಕ್ಕ ಹತ್ತು ರೂಪಾಯಿ. ಮಾಲಕ ಮೊದ್ಲ ಕೊಟ್ಟಿದ್ದ ನೂರು ಮುರಕೊಂಡ. ಕೈಗೆ ಎಷ್ಟು ಬಂತು?” ನನ್ನ ಮಾತು ಮುಗಿಯುವ ಮೊದಲೇ “ನೂರಾ ಮೂವತ್ತು” ಅಂದಳು. ಪೆನ್ಸಿಲ್ ಮುಟ್ಟಲಿಲ್ಲ, ಬೆರಳು ಮಡಚಲಿಲ್ಲ.

ಇದು ಒಂದು ದೊಡ್ಡಿಯ ಒಬ್ಬ ಹುಡುಗಿಯ ಕತೆಯಲ್ಲ. 2025ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಅಚ್ಚಾಯಿತು. ಬರೆದವರಲ್ಲಿ 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇಬ್ಬರೂ ಇದ್ದಾರೆ. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರುವ ಮಕ್ಕಳನ್ನು ಅವರು ನೋಡಿದರು. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, ಕಿಲೋಗೆ 15 ರೂಪಾಯಿಯ ಉಳ್ಳಾಗಡ್ಡಿ 1.4 ಕಿಲೋ, ಎರಡೂ ಸೇರಿ ಎಷ್ಟು ಅಂದರೆ ಮಕ್ಕಳು ನಿಂತ ನಿಲುವಿನಲ್ಲೇ ಹೇಳುತ್ತಿದ್ದರು. ಅಷ್ಟೇ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಹಾಳೆಯ ಮೇಲೆ ಕೊಟ್ಟಾಗ ಅವರಲ್ಲಿ ಬಹಳಷ್ಟು ಜನ ಸೋತರು. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಇದರ ತಿರುಗುಮುರುಗು: ಹಾಳೆಯ ಲೆಕ್ಕ ಮಾಡುತ್ತಾರೆ, ಸಂತೆಯ ಲೆಕ್ಕಕ್ಕೆ ತಡವರಿಸುತ್ತಾರೆ. ಸಂಶೋಧಕರಿಗೆ ಕಂಡದ್ದು ಎರಡು ಗಣಿತ. ದೊಡ್ಡಿಯ ಶಾಲೆಯಲ್ಲಿ ಕೂತ ನನಗೆ ಕಂಡದ್ದು ಎರಡು ಕನ್ನಡ. ಭಾಷೆಯೊಂದೇ ಕಾರಣ ಅಂತ ಆ ಸಂಶೋಧಕರೇನೂ ಹೇಳಿಲ್ಲ, ಇದು ನನ್ನ ಮಾತು.

ಈ ಮಕ್ಕಳು ಬರೆಯುವ ಪರೀಕ್ಷೆಗಳೇ ಹಲವು, ಪಾಲಕರ ತಲೆಯಲ್ಲಿ ಎಲ್ಲವೂ ಕಲಸಿಹೋಗಿವೆ. ಒಂದು, ಮಕ್ಕಳ ಕಲಿಕೆ ಅಳೆಯುವ ಕೇಂದ್ರ ಸರ್ಕಾರದ ಸಮೀಕ್ಷೆ. ಮೊದಲು ಇದರ ಹೆಸರು ನ್ಯಾಸ್. 2017ರಲ್ಲಿ, 2021ರಲ್ಲಿ, ಎರಡು ಸಲವೂ ನವೆಂಬರಿನಲ್ಲಿ ನಡೆಯಿತು. ಈಗ ‘ಪರಖ್’ ಎಂಬ ಹೆಸರಿನಲ್ಲಿ 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆದಿದೆ. ದೇಶದ 781 ಜಿಲ್ಲೆಗಳ 74,229 ಶಾಲೆಗಳಿಂದ 21 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಮೂರನೇ ತರಗತಿಯವರಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಇಳಿಕೆ ಕ್ರಮದಲ್ಲಿ ಜೋಡಿಸಿದವರು ಶೇ 55. ಇದು ಇಡೀ ದೇಶದ ಸರಾಸರಿ, ರಾಯಚೂರಿನದ್ದಲ್ಲ. ಈ ಸಮೀಕ್ಷೆಯಲ್ಲಿ ಯಾವ ಮಗುವಿಗೂ ಅಂಕಪಟ್ಟಿ ಇಲ್ಲ, ಪಾಸು ಫೇಲು ಇಲ್ಲ. ಅಂಕ ಬರುವುದು ಜಿಲ್ಲೆಗೆ, ರಾಜ್ಯಕ್ಕೆ.

ಹಾಗಿದ್ದರೆ ಅದರ ಹೆಸರು ಕೇಳಿದರೆ ಮೇಷ್ಟ್ರುಗಳ ಮುಖ ಯಾಕೆ ಬಾಡುತ್ತದೆ? 2018ರಲ್ಲಿ ಕೇಂದ್ರ ಸರ್ಕಾರ 112 ಜಿಲ್ಲೆಗಳನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂದು ಆರಿಸಿತು. ಹಿಂದುಳಿದವು ಅನ್ನುವುದಕ್ಕೆ ಇಟ್ಟ ಮರ್ಯಾದೆಯ ಹೆಸರು. ಕರ್ನಾಟಕದಿಂದ ಅದರಲ್ಲಿ ಇರುವುದು ಎರಡೇ, ರಾಯಚೂರು ಮತ್ತು ಯಾದಗಿರಿ. ಜಿಲ್ಲೆಗಳಿಗೆ ರ‍್ಯಾಂಕ್ ಕೊಡುವಾಗ ಶಿಕ್ಷಣಕ್ಕೆ ಶೇ 30ರ ತೂಕ, ಅದರಲ್ಲಿ ಮಕ್ಕಳ ಭಾಷೆ ಮತ್ತು ಗಣಿತದ ಸಾಧನೆಯೂ ಸೇರಿದೆ. ಅಂದರೆ ದೊಡ್ಡಿಯ ಮಗು ಗೀಚಿದ ಗೆರೆ ದೆಹಲಿಯ ಫಲಕದ ತನಕ ಹೋಗುತ್ತದೆ. ಮೇಲಿನವರು ಕೆಳಗಿನವರನ್ನು ಕೇಳುತ್ತಾರೆ, ಕೆಳಗಿನವರು ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯನ್ನು, ಸಿಆರ್‌ಪಿ ಮೇಷ್ಟ್ರನ್ನು. ಮೇಷ್ಟ್ರು ಯಾರನ್ನು ಕೇಳಬೇಕು? ಹಳೆ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ಹಂಚುತ್ತಾರೆ, ಗೋಲದಲ್ಲಿ ಶಾಯಿ ತುಂಬುವುದನ್ನು ತೋರಿಸುತ್ತಾರೆ. ಇದೇ ‘ತಯಾರಿ’.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರಿನದ್ದು ಶೇ 59.56. ನಮ್ಮ ಕೆಳಗೆ ಯಾದಗಿರಿ ಒಂದೇ ಇತ್ತು. ಇಂಥ ಕಡೆ ಮನೆಯಲ್ಲಿ ಪ್ರಶ್ನೆ ಓದಿ ಹೇಳುವವರು ಇರುವುದಿಲ್ಲ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗಡಿ ಕಡೆಯವರದ್ದು ತೆಲುಗು, ಇನ್ನು ಕೆಲವರದ್ದು ಉರ್ದು. ಕನ್ನಡವೇ ಮನೆಮಾತಾದ ಮಗುವಿಗೂ ಪಠ್ಯದ ಕನ್ನಡ ದೂರದ ನೆಂಟ. ಮನೆಯಲ್ಲಿ ಮುರಕೊಂಡ ಅನ್ನುವುದು ಪುಸ್ತಕದಲ್ಲಿ ‘ಕಡಿತಗೊಳಿಸು’. ಕೂಡಿಸೂದು ಅಲ್ಲಿ ‘ಸಂಕಲನ’, ಕಳಿಯೂದು ‘ವ್ಯವಕಲನ’. ಅಜ್ಜಿ ಸಂತೆಯಲ್ಲಿ ಅಡೀಚ ಕಿಲೋ ಬದನೀಕಾಯಿ ತೂಗಿಸುವಾಗ ಮೊಮ್ಮಗಳು ಚೀಲ ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ, ದೀಡ ತಾಸು ಅಂದರೆ ಎಷ್ಟು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅದೇ ಮಗು ಪುಸ್ತಕದಲ್ಲಿ 2.5 ನೋಡಿ “ಎರಡು ಪಾಯಿಂಟ್ ಐದು” ಅಂತ ಓದಿ ಮುಂದೆ ಹೋಗುತ್ತದೆ. ಅಜ್ಜಿಯ ಅಡೀಚ ಇದೇ ಅಂತ ಅದಕ್ಕೆ ಯಾರೂ ಹೇಳಿಲ್ಲ. ದಶಮಾಂಶದ ಪಾಠ ಅರ್ಧಕ್ಕರ್ಧ ಮನೆಯಲ್ಲೇ ಆಗಿಹೋಗಿದೆ. ನಾವು ಅದನ್ನು ಹೊಸದು ಅಂತ ಹೆದರಿಸಿ ಕಲಿಸುತ್ತೇವೆ.

ಇನ್ನು ನವೋದಯ. ಮಗುವಿನ ಬದುಕಿಗೆ ನೇರ ಸಂಬಂಧ ಇರುವ ರಾಷ್ಟ್ರೀಯ ಪರೀಕ್ಷೆ ಅಂದರೆ ಇದು. ಜಿಲ್ಲೆಯ ನವೋದಯ ವಿದ್ಯಾಲಯ ಮುದಗಲ್ಲಿನಲ್ಲಿದೆ. ಒಂದು ವಿದ್ಯಾಲಯದ ಆರನೇ ತರಗತಿಗೆ 80 ಸೀಟು. ಗೆದ್ದ ಮಗುವಿಗೆ ಹನ್ನೆರಡನೇ ತರಗತಿಯವರೆಗೆ ಊಟ, ವಸತಿ, ಪುಸ್ತಕ, ಬಟ್ಟೆ ನೋಡಿಕೊಳ್ಳುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಗೋಡೆಗಳ ಮೇಲೆ ‘ನವೋದಯ, ಸೈನಿಕ, ಮೊರಾರ್ಜಿ ಕೋಚಿಂಗ್’ ಅಂತ ಬರೆದಿರುವುದನ್ನು ಬಸ್ಸಿನಲ್ಲಿ ಓಡಾಡುವವರೆಲ್ಲ ನೋಡಿದ್ದೀರಿ. ಹತ್ತು ವರ್ಷದ ಮಗುವನ್ನು ಹಾಸ್ಟೆಲಿಗೆ ಹಾಕಿ ವರ್ಷವಿಡೀ ಲೆಕ್ಕ ಅರೆಯುವ ಕೇಂದ್ರಗಳು ಅವು. ಅರಕೇರಾದ ಕೂಲಿಯವರಿಗೆ ಅದು ಎಟುಕದ ಮಾತು. ಆದರೆ ಪರೀಕ್ಷೆಯನ್ನು ಬಿಚ್ಚಿ ನೋಡಿದರೆ ಅಷ್ಟು ಭಯಪಡಬೇಕಾಗಿಲ್ಲ ಅನ್ನಿಸುತ್ತದೆ.

ಎರಡು ತಾಸು, 80 ಪ್ರಶ್ನೆ, 100 ಅಂಕ. ಇದರಲ್ಲಿ 40 ಪ್ರಶ್ನೆ, 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಅವೆಲ್ಲ ಚಿತ್ರಗಳು: ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಹಾಕಿ ಬಿಚ್ಚಿದರೆ ಹೇಗಿರುತ್ತದೆ, ದೊಡ್ಡ ಚಿತ್ರದಲ್ಲಿ ಸಣ್ಣ ಆಕೃತಿ ಎಲ್ಲಿ ಅಡಗಿದೆ. ಇಲ್ಲಿ ಓದುವ ಗೋಜು ಇಲ್ಲವೇ ಇಲ್ಲ ಅನ್ನಬಹುದು. ದಿನಾ ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಹುಡುಗಿಗೆ, ಅಜ್ಜಿ ಕೌದಿ ಹೊಲಿಯುವಾಗ ತುಂಡು ಬಟ್ಟೆ ಜೋಡಿಸಿ ಕೊಡುವ ಹುಡುಗಿಗೆ ಎಡಬಲದ ಹೊಂದಾಣಿಕೆ ಹೇಳಿಕೊಡಬೇಕೇ? ನಾನು ನೋಡಿದಂತೆ ಹುಡುಗರಿಗಿಂತ ಅವರ ಕಣ್ಣೇ ಚುರುಕು. ಅರ್ಧ ಪರೀಕ್ಷೆಯಲ್ಲಿ ದೊಡ್ಡಿಯ ಮಗುವೂ ಕಾನ್ವೆಂಟಿನ ಮಗುವೂ ಒಂದೇ ಗೆರೆಯ ಮೇಲೆ ನಿಂತಿರುತ್ತಾರೆ.

ಉಳಿದ ಅರ್ಧದಲ್ಲಿ 20 ಪ್ರಶ್ನೆ ಅಂಕಗಣಿತಕ್ಕೆ, 20 ಪ್ರಶ್ನೆ ಭಾಷೆಗೆ, ತಲಾ 25 ಅಂಕ. ಭಾಷಾ ಭಾಗ ಅಂದರೆ ಕವಿ ಪರಿಚಯವಲ್ಲ, ಸಂಧಿ ಸಮಾಸವೂ ಅಲ್ಲ. ನಾಲ್ಕು ಗದ್ಯಭಾಗ ಕೊಡುತ್ತಾರೆ, ಒಂದೊಂದಕ್ಕೆ ಐದೈದು ಪ್ರಶ್ನೆ. ಓದಿದ್ದು ತಿಳಿಯಿತೋ ಇಲ್ಲವೋ ಅಷ್ಟೇ. ಅಂಕಗಣಿತದಲ್ಲೂ ಲಸಾಅ, ಮಸಾಅ, ಭಿನ್ನರಾಶಿ, ಲಾಭ ನಷ್ಟ, ವೇಳೆ ದೂರ ಎಲ್ಲ ಬರುವುದು ಹೆಚ್ಚಾಗಿ ವಾಕ್ಯದ ವೇಷದಲ್ಲಿ. ಲೆಕ್ಕಕ್ಕೆ ಮೊದಲು ಓದು ಎಂಬ ಬಾಗಿಲು ದಾಟಬೇಕು. ಕೋಚಿಂಗಿನವರು ಆ ಬಾಗಿಲಿಗೆ ಅಡ್ಡದಾರಿ ಕಲಿಸುತ್ತಾರೆ: ‘ಒಟ್ಟು’ ಕಂಡರೆ ಕೂಡಿಸು, ‘ಉಳಿದ’ ಕಂಡರೆ ಕಳೆ, ‘ಪ್ರತಿ’ ಕಂಡರೆ ಗುಣಿಸು. ನಮ್ಮ ಹುಡುಗಿ 133 ಬರೆದದ್ದು ಇಂಥದೇ ಉಪಾಯದಿಂದ. ಪ್ರಶ್ನೆ ಮಾಡುವವರೂ ಇದನ್ನು ಬಲ್ಲರು. ನಾಲ್ಕು ಉತ್ತರಗಳಲ್ಲಿ ಒಂದು 133 ಅಂತ ಇಟ್ಟೇ ಇರುತ್ತಾರೆ, ನಾನೂ ಇಟ್ಟಿದ್ದೆ.

ಈಗ ಪಾಲಕರಿಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಪ್ರತಿ ವರ್ಷ ಯಾರಾದರೂ ಇದರಲ್ಲಿ ಬೀಳುತ್ತಾರೆ. ನವೋದಯದ ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಅದಕ್ಕೆ ಷರತ್ತೆಂದರೆ ಮಗು 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಕಲಿತಿದ್ದರೂ ಅದು ಪಟ್ಟಣದ ಅಭ್ಯರ್ಥಿ. ನಮ್ಮಲ್ಲಿ ಆಗುವುದೇನು? ಮಗ ಜಾಣ, ನವೋದಯಕ್ಕೆ ಇಂಗ್ಲಿಷ್ ಬೇಕು ಅಂದುಕೊಂಡು ನಾಲ್ಕನೇ ತರಗತಿಗೆ ಸಾಲ ಮಾಡಿ ರಾಯಚೂರಿನ ಕಾನ್ವೆಂಟಿಗೆ ಹಾಕುತ್ತಾರೆ. ಗ್ರಾಮೀಣ ಸೀಟು ಕೈ ಬಿಡುತ್ತದೆ. ಪರೀಕ್ಷೆಯನ್ನಾದರೂ ಇಂಗ್ಲಿಷಿನಲ್ಲಿ ಬರೆಯಬೇಕಾ ಅಂದರೆ ಬೇಡ, ಕನ್ನಡದಲ್ಲೇ ಬರೆಯಬಹುದು. ಅಲ್ಲಿ ಸೇರಿದ ಮೇಲೂ ಏಳನೇ ಎಂಟನೇ ತರಗತಿಯ ತನಕ ಪ್ರಾದೇಶಿಕ ಭಾಷೆಯಲ್ಲೇ ಕಲಿಕೆ. ಯಾವ ಇಂಗ್ಲಿಷಿಗಾಗಿ ಊರು ಬಿಡಿಸಿದರೋ ಅದನ್ನು ಪರೀಕ್ಷೆ ಕೇಳಿಯೇ ಇರಲಿಲ್ಲ. ಇನ್ನೊಂದು, ಈ ಪರೀಕ್ಷೆಗೆ ಎರಡನೇ ಸಲ ಕೂರುವಂತಿಲ್ಲ.

ಇಂಗ್ಲಿಷ್ ಬೇಡ ಅಂತ ನನ್ನ ಮಾತಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆಗಳಿರುತ್ತವೆ. ಮನೆಮನೆಗೆ ಹೋಗಿ ಮಕ್ಕಳ ಕಲಿಕೆ ಅಳೆಯುವ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆ ಕೆಲವು ವರ್ಷ ಇಂಗ್ಲಿಷನ್ನೂ ನೋಡಿದೆ: ದೊಡ್ಡ ಅಕ್ಷರ, ಸಣ್ಣ ಅಕ್ಷರ, ಪದ, ಸಣ್ಣ ವಾಕ್ಯ. ಓದಿದರೆ ಸಾಲದು, ಅರ್ಥವನ್ನು ತನ್ನ ಭಾಷೆಯಲ್ಲಿ ಹೇಳಬೇಕು. ಅಲ್ಲೇ ಮಕ್ಕಳು ತೊಡರುವುದು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ, ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾದದ್ದು 2019ರಲ್ಲಿ. ಆದೇಶ ಬಂದಷ್ಟು ಬೇಗ ಕಿವಿಗೆ ಭಾಷೆ ಬರುವುದಿಲ್ಲ. ದೊಡ್ಡಿಯಲ್ಲಿ ಇಂಗ್ಲಿಷ್ ಆಡುವವರು ಯಾರು? ಮೊಬೈಲ್ ಒಂದೇ.

ಆದರೆ ಓದಲು ಇಂಗ್ಲಿಷ್ ಇಲ್ಲವೇ ಅಂದರೆ, ಇದೆ. ಮಳೆಗಾಲದಲ್ಲಿ ನಮ್ಮ ಮಕ್ಕಳು ತಲೆಗೆ ಕೊಪ್ಪೆ ಮಾಡಿಕೊಂಡು ಬರುವ ಗೊಬ್ಬರದ ಚೀಲ ನೋಡಿರಿ. ಅದರ ಮೇಲೆ ದೊಡ್ಡಕ್ಷರದಲ್ಲಿ ‘ಯೂರಿಯಾ’, ಕೆಳಗೆ 45 ಕೆಜಿ, ನೈಟ್ರೋಜನ್ ಶೇ 46. ಇನ್ನೊಂದು ಚೀಲದ ಮೇಲೆ 10:26:26. ಐದನೇ ತರಗತಿಯ ಶೇಕಡಾ, ಅನುಪಾತ, ತೂಕ, ಇಂಗ್ಲಿಷ್ ಅಕ್ಷರಮಾಲೆ ಎಲ್ಲ ಒಂದೇ ಚೀಲದಲ್ಲಿ. 45 ಕಿಲೋದಲ್ಲಿ ಶೇ 46 ಅಂದರೆ ಸಾರಜನಕ ಎಷ್ಟು ಅಂತ ಒಂದು ಶನಿವಾರ ಕೇಳಿದೆ. 20 ಕಿಲೋ 700 ಗ್ರಾಂ ಅಂತ ಹೊರಡಿಸಲು ಮುಕ್ಕಾಲು ತಾಸು ಬೇಕಾಯಿತು. ಆ ಮುಕ್ಕಾಲು ತಾಸಿನಲ್ಲಿ ಒಬ್ಬ ಹುಡುಗ “ಹಂಗಾದ್ರ ಉಳಿದಿದ್ದು ಏನ್ರಿ ಸರ, ಮಣ್ಣಾ?” ಅಂದ. ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ.

ಮಗ್ಗಿಯ ವಿಷಯಕ್ಕೆ ಬಂದರೆ ನಾನು ಹಳೇ ಕಾಲದವನು. ಇಂಗ್ಲೆಂಡಿನಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಸರ್ಕಾರವೇ ಮಗ್ಗಿ ಪರೀಕ್ಷೆ ಮಾಡುತ್ತದೆ: ಕಂಪ್ಯೂಟರಿನ ಮುಂದೆ 25 ಪ್ರಶ್ನೆ, ಒಂದೊಂದಕ್ಕೆ ಆರೇ ಸೆಕೆಂಡು, ಹನ್ನೆರಡರ ಮಗ್ಗಿಯ ತನಕ. ನಮ್ಮಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎರಡೊಂದ್ಲೆ ಎರಡು ಅಂತ ರಾಗವಾಗಿ ಹೇಳುತ್ತಿದ್ದದ್ದು ಅದೇ, ಗಡಿಯಾರ ಮಾತ್ರ ಇರಲಿಲ್ಲ. ಬಾಯಿಪಾಠ ಅಂತ ಈಚೆಗೆ ಅದನ್ನು ಬೈಯುವವರಿದ್ದಾರೆ. ಮಗ್ಗಿ ನಾಲಿಗೆಯ ಮೇಲಿದ್ದ ಮಗುವಿಗೆ ಪ್ರಶ್ನೆ ಓದಿ ಯೋಚಿಸಲು ಹೊತ್ತು ಉಳಿಯುತ್ತದೆ, ನನಗೆ ಅಷ್ಟು ಸಾಕು.

ತಿಳಿದು ಕಲಿಸುವ ದಾರಿಯೂ ಈ ಸೀಮೆಗೆ ಹೊಸದಲ್ಲ. ಅಕ್ಷರ ಫೌಂಡೇಶನ್ 2011ರಲ್ಲಿ ಹೊಸಕೋಟೆಯಲ್ಲಿ ಶುರು ಮಾಡಿದ ಗಣಿತ ಕಲಿಕಾ ಆಂದೋಲನವನ್ನು ಆಮೇಲೆ ಸರ್ಕಾರ ಈ ಭಾಗದ ಜಿಲ್ಲೆಗಳಿಗೆ ತಂದಿತು. ಶಾಲೆಗೊಂದು ಪೆಟ್ಟಿಗೆ: ಮಣಿಚೌಕಟ್ಟು, ಹತ್ತರ ಕಟ್ಟುಗಳು, ಭಿನ್ನರಾಶಿಯ ಪಟ್ಟಿಗಳು, ಗಡಿಯಾರ, ಆಟದ ನೋಟು. ಸಾಮಾನು ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಹೆದರಿಕೆಗೆ ಕೆಲವು ಕಡೆ ಅದು ಅಲ್ಮೇರಾದಲ್ಲೇ ಉಳಿದದ್ದೂ ಉಂಟು. ಇದರ ಜತೆಗೆ ಬಂದ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ನನಗೆ ಹೆಚ್ಚು ಇಷ್ಟ. ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಪಂಚಾಯಿತಿಯ ಶಾಲೆಯೊಂದರಲ್ಲಿ ಕೂತು ಬರೆಯುತ್ತಾರೆ, ಊರವರು ಸುತ್ತ ನಿಂತು ನೋಡುತ್ತಾರೆ, ಬಹುಮಾನ ಅಲ್ಲೇ ಊರ ಎದುರಿಗೆ. ಜಿಲ್ಲೆಯ ರ‍್ಯಾಂಕು ಊರಿಗೆ ಯಾವತ್ತೂ ತಿಳಿಯುವುದಿಲ್ಲ. ತಮ್ಮ ಮಗ ಭಾಗಾಕಾರದಲ್ಲಿ ಸೋತದ್ದು ಅವತ್ತೇ ಸಂಜೆ ಇಡೀ ಊರಿಗೆ ಗೊತ್ತಾಗುತ್ತದೆ, ಮರುದಿನ ಅಪ್ಪ ಶಾಲೆಯ ಬಾಗಿಲಲ್ಲಿ ನಿಂತು “ಯಾಕ್ರೀ ಸರ ಹಿಂಗ?” ಅನ್ನುತ್ತಾನೆ. ಮೇಲಿನಿಂದ ಬರುವ ಪ್ರಶ್ನೆಗಿಂತ ಆ ಪ್ರಶ್ನೆಗೆ ಬೆಲೆ ಹೆಚ್ಚು.

ಪಬ್ಲಿಕ್ ಪರೀಕ್ಷೆಯ ರಗಳೆಯನ್ನು ಇಲ್ಲಿ ಕೆದಕುವುದಿಲ್ಲ. 5, 8, 9ನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಅಂತ ಹೊರಟು, ಕೋರ್ಟು ಕಚೇರಿ ಸುತ್ತಿ, 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಿಸಬೇಡಿ ಅಂದದ್ದು ನೆನಪಿರಬಹುದು. ಆ ವರ್ಷ ನಮ್ಮ ದೊಡ್ಡಿಯ ಮಕ್ಕಳು ಪರೀಕ್ಷೆ ಮುಗಿಯಿತಾ ಇಲ್ಲವಾ ಅಂತ ಕೇಳುತ್ತಲೇ ಬೇಸಿಗೆ ಕಳೆದರು.

ಇಷ್ಟೆಲ್ಲ ತಯಾರಿಯ ಮಾತಾಡಿದೆ, ಆದರೆ ತಯಾರಿಗೆ ಮಕ್ಕಳು ಶಾಲೆಯಲ್ಲಿರಬೇಕಲ್ಲ. ಪರೀಕ್ಷೆಗಳ ದಿನಾಂಕಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿರಿ: ನ್ಯಾಸ್ ನವೆಂಬರಿನಲ್ಲಿ, ಪರಖ್ ಡಿಸೆಂಬರಿನಲ್ಲಿ, ನವೋದಯ ಒಂದು ವರ್ಷ ಜನವರಿ 18ಕ್ಕೆ, ಮತ್ತೊಂದು ವರ್ಷ ಡಿಸೆಂಬರ್ 13ಕ್ಕೆ. ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ತಿಂಗಳುಗಳೂ ಇವೇ. ಹಿಂದೆಯೇ ಮೆಣಸಿನಕಾಯಿ. ಅದಕ್ಕೂ ಮೊದಲು ಬೀಜದ ಹತ್ತಿಯ ಹೊಲಗಳಲ್ಲಿ ಕ್ರಾಸಿಂಗ್, ಹೂವಿಗೆ ಹೂ ತಾಗಿಸುವ ಆ ಕೆಲಸಕ್ಕೆ ಸಣ್ಣ ಕೈಗಳೇ ಬೇಕು ಅಂತ ಹುಡುಕಿಕೊಂಡು ಬರುತ್ತಾರೆ. ಮಳೆ ಕೈಕೊಟ್ಟ ವರ್ಷ ಇಡೀ ಮನೆಯೇ ಬೆಂಗಳೂರಿಗೆ ಗುಳೆ. ಹಾಜರಿ ಪುಸ್ತಕ ತೆಳ್ಳಗಾಗುವ ಹೊತ್ತಿಗೆ ಸರಿಯಾಗಿ ದೇಶ ಬಂದು ಮಕ್ಕಳನ್ನು ಅಳೆಯುತ್ತದೆ. ಅದೇ ಅಳತೆ ಆಗಸ್ಟಿನಲ್ಲಿ ನಡೆದರೆ ರಾಯಚೂರಿನ ಅಂಕ ಬೇರೆಯೇ ಬಂದೀತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಹೋದ ಶನಿವಾರ ಬೇರೆ ಉಪಾಯ ಮಾಡಿದೆ. ಪ್ರಶ್ನೆ ಬಿಡಿಸುವುದು ಬೇಡ, ನೀವೇ ಒಂದೊಂದು ಪ್ರಶ್ನೆ ಬರೆಯಿರಿ, ನಾಲ್ಕು ಉತ್ತರ ನೀವೇ ಕೊಡಿರಿ, ನಿಮ್ಮ ಮಾತಿನಲ್ಲೇ ಇರಲಿ ಅಂದೆ. ನಮ್ಮ ಪರೀಕ್ಷೆ ಮಾಡುವವರು ಹೇಗೆ ಮೋಸದ ಉತ್ತರ ಇಡುತ್ತಾರೆ ಅಂತ ತಿಳಿಯಬೇಕಾದರೆ ಒಮ್ಮೆ ಆ ಕುರ್ಚಿಯಲ್ಲಿ ಕೂರಬೇಕು. ಹುಡುಗರು ಕ್ರಿಕೆಟ್ಟಿನ ರನ್ನು ಬರೆದರು, ಒಬ್ಬ ಡೀಸೆಲ್ ರೇಟು ಬರೆದ. 133ರ ಹುಡುಗಿ ಎಲ್ಲರಿಗಿಂತ ಕೊನೆಗೆ ಹಾಳೆ ತಂದುಕೊಟ್ಟಳು. ಅಕ್ಷರ ಗುಂಡಗಿದ್ದವು.

“ಹತ್ತಿ ಬಿಡಿಸಿದ್ರ ಕಿಲೋಕ್ಕ 10 ರೂಪಾಯಿ. ಅವ್ವ 23 ಕಿಲೋ ಬಿಡಿಸಿದಳು. ನಾನು 9 ಕಿಲೋ ಬಿಡಿಸಿದೆ. ಅವತ್ತು ನಾನು ಸಾಲಿಗಿ ಹೋಗಿದ್ದರ ಮನಿಗಿ ಎಷ್ಟು ರೂಪಾಯಿ ಕಡಿಮಿ ಆಗತಿತ್ತು? ಎ) 230, ಬಿ) 90, ಸಿ) 320, ಡಿ) 140.”